ಮಾಡಿದವರು ಮತ್ತು ಮಾಡಿಸಿದವರು

ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿರುವ ಹರಿಹರೇಶ್ವರ ದೇವಾಲಯವನ್ನು ದಾವಣಗೆರೆ ಸೀಮೆಯವರೆಲ್ಲ ಬಲ್ಲರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕ್ರಿ.ಶ. 1224ರ ಸುಮಾರಿಗೆ ಇದನ್ನು ಕಟ್ಟಿದನೆಂದೂ, ಮುಮ್ಮಡಿ ನರಸಿಂಹನ ಕಾಲದ ಸೋಮ ದಂಡನಾಯಕನು 1268ರಲ್ಲಿ ಇದಕ್ಕೆ ಕೆಲವು ಭಾಗಗಳನ್ನು ಕೂಡಿಸಿದನೆಂದೂ ಚರಿತ್ರೆಯ ಪುಸ್ತಕಗಳಲ್ಲಿ ಓದುತ್ತೇವೆ. 'ಕಟ್ಟಿದನು' ಎಂಬುದು ಇಂದಿನ ನಮ್ಮ ಸಡಿಲ ಮಾತು. ಪೋಲಾಳ್ವನು ಉಳಿ ಹಿಡಿದವನಲ್ಲ, ಸೋಮನು ಕಂಬ ಕಡೆದವನಲ್ಲ. ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಎಚ್ಚರದ ಭಾಷೆಯನ್ನು ಬಳಸುತ್ತಿದ್ದರು. ಶಾಸನಗಳಲ್ಲಿ ಇಂತಹ ಸಂದರ್ಭದಲ್ಲಿ ಬರುವ ಕ್ರಿಯಾಪದ 'ಮಾಡಿದಂ' ಎಂದಲ್ಲ, 'ಮಾಡಿಸಿದಂ' ಎಂದು.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಗೊಮ್ಮಟೇಶ್ವರನ ಪಾದದ ಬಳಿ ಗಂಗರ ಮಂತ್ರಿ ಚಾವುಂಡರಾಯನ ಹೆಸರು ಮೂರು ಭಾಷೆಗಳಲ್ಲಿ ಕೆತ್ತಲ್ಪಟ್ಟಿದೆ. ಕನ್ನಡದಲ್ಲಿ 'ಮಾಡಿಸಿದಂ', ತಮಿಳಿನಲ್ಲಿ 'ಚೆಯ್ವಿತ್ತಾನ್', ಮರಾಠಿಯಲ್ಲಿ 'ಕರವಿಯಲೇಂ'. ಮೂರಕ್ಕೂ ಅರ್ಥವೊಂದೇ. ಮೂರು ಭಾಷೆಗಳೂ ಇನ್ನೊಬ್ಬರ ಕೈಯಿಂದ ಆಗಿಸಿದ ಕ್ರಿಯೆಯನ್ನೇ ಹೇಳುತ್ತವೆ. ಸುಮಾರು 58 ಅಡಿಯ ಆ ಏಕಶಿಲಾಮೂರ್ತಿಯ ಮುಂದೆ ನಿಂತು ಚಾವುಂಡರಾಯನು 'ನಾನು ಮಾಡಿದೆ' ಎನ್ನಲಿಲ್ಲ. ಆದರೆ ಆ ವಾಕ್ಯದಲ್ಲಿ ಮಾಡಿದವನ ಹೆಸರೂ ಇಲ್ಲ. ಈ ಎರಡನ್ನೂ ಒಟ್ಟಿಗೆ ಗಮನಿಸಬೇಕು.

'ಮಾಡಿಸಿದ' ಎಂಬ ಪದವನ್ನು ದಾನಿಯ ಕೀರ್ತಿಯ ಪದವೆಂದು ನಾವು ಓದುತ್ತೇವೆ. ಬಸದಿಗಳ ಗೋಡೆಯ ಅಮೃತಶಿಲೆಯ ಫಲಕಗಳಲ್ಲಿ ಇಂದಿಗೂ ಅದೇ ಅರ್ಥದಲ್ಲಿ ಬರೆಸುತ್ತೇವೆ. ಆದರೆ ಜೈನ ಕರ್ಮಸಿದ್ಧಾಂತದಲ್ಲಿ ಈ ಪದಕ್ಕೆ ಬೇರೆ ಭಾರವುಂಟು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮಾಸ್ರವಕ್ಕೆ ಆಧಾರವಾಗುವ ಜೀವಕ್ರಿಯೆಗಳ ಲೆಕ್ಕವಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳು. ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೆ ಈ ಲೆಕ್ಕವನ್ನು ಹೇಳುವವರೂ ಉಂಟು. ಇಲ್ಲಿ ನೋಡಬೇಕಾದುದು ನಡುವಿನ ಮೂರನ್ನು. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಆದದ್ದನ್ನು ಒಪ್ಪಿಕೊಂಡದ್ದು ಅನುಮತ. ಆಸ್ರವದ ಬಾಗಿಲು ಮೂವರಿಗೂ ತೆರೆದಿದೆ. 'ಹಣ ಕೊಟ್ಟಿದ್ದೇನೆ, ಕೆಲಸ ಅವನದು, ತಪ್ಪು ಅವನದು' ಎಂಬ ವಾದ ವ್ಯಾಪಾರದಲ್ಲಿ ನಡೆದೀತು, ಈ ಲೆಕ್ಕದ ಪುಸ್ತಕದಲ್ಲಿ ನಡೆಯದು. ಮೂರ್ತಿಯನ್ನು ಮಾಡಿಸಿದ ಪುಣ್ಯ ತನ್ನದೆನ್ನುವವನು, ಮಾಡಿಸುವಾಗ ಶಿಲ್ಪಿಗೆ ಆದ ನೋವನ್ನೂ ತನ್ನ ಖಾತೆಯಲ್ಲೇ ಬರೆದುಕೊಳ್ಳಬೇಕಾಗುತ್ತದೆ.

ಈ ಮಾತು ಬರಿಯ ತತ್ತ್ವವಲ್ಲವೆಂಬುದಕ್ಕೆ ತುಳುನಾಡಿನ ಕಲ್ಕುಡನ ಪಾಡ್ದನ ಸಾಕ್ಷಿ.

ಕಾರ್ಕಳದ ಬೆಟ್ಟದ ಮೇಲಿನ ಬಾಹುಬಲಿಯನ್ನು ಭೈರರಸ ವಂಶದ ವೀರಪಾಂಡ್ಯನು ಪನಸೋಗೆಯ ಲಲಿತಕೀರ್ತಿ ಮುನಿಗಳ ಉಪದೇಶದಂತೆ 1432ರ ಫೆಬ್ರವರಿ 13ರಂದು ಪ್ರತಿಷ್ಠಾಪಿಸಿದನು. ಎತ್ತರ ಸುಮಾರು 42 ಅಡಿ. ಶಾಸನದಲ್ಲಿ ಅರಸನಿದ್ದಾನೆ, ಗುರುವಿದ್ದಾರೆ, ತಿಥಿಯಿದೆ. ಶಿಲ್ಪಿಯಿಲ್ಲ. ಪಾಡ್ದನದ ಪ್ರಕಾರ ಆ ಶಿಲ್ಪಿ ಬೀರ ಕಲ್ಕುಡ. ಶಿಲ್ಪಿಗಳ ಕುಲದಲ್ಲಿ ಹುಟ್ಟಿದವನು. ಅರಸನ ಕರೆಗೆ ಬಂದು ಬಸದಿಗಳನ್ನು, ಕೊನೆಗೆ ಗೊಮ್ಮಟನನ್ನು ಕಡೆದನು. ಕೆಲಸ ಮುಗಿದ ದಿನ ಅರಸನಿಗೆ ಸಂತೋಷದ ಜೊತೆಗೇ ಒಂದು ಭಯ ಹುಟ್ಟಿತು. ಇಂತಹ ಮೂರ್ತಿಯನ್ನು ಇವನು ಬೇರೆಯ ರಾಜ್ಯದಲ್ಲಿಯೂ ಮಾಡಿಕೊಟ್ಟರೆ? ಉಡುಗೊರೆ ಕೊಡುವುದಾಗಿ ಕರೆಸಿ, ಅವನ ಎಡಗೈಯನ್ನೂ ಬಲಗಾಲನ್ನೂ ಕತ್ತರಿಸಿಸಿದನು. ಅಣ್ಣನನ್ನು ಹುಡುಕುತ್ತ ಬಂದ ತಂಗಿ ಕಲ್ಲುರ್ಟಿ ಅವನ ಗತಿಯನ್ನು ಕಂಡಳು. ಉಳಿದ ಒಂದು ಕೈ ಒಂದು ಕಾಲಿನಲ್ಲಿಯೇ ಅವನು ವೇಣೂರಿಗೆ ಹೋಗಿ ಅಲ್ಲಿಯೂ ಒಬ್ಬ ಗೊಮ್ಮಟನನ್ನು ನಿಲ್ಲಿಸಿದನು. ಆಮೇಲೆ ಅಣ್ಣ ತಂಗಿಯರಿಬ್ಬರೂ ಮಾಯವಾಗಿ, ದೈವಗಳಾಗಿ, ಅರಸನ ಮನೆತನವನ್ನು ಕಾಡಿದರು. ಬಂಟ್ವಾಳ ತಾಲ್ಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಇಂದಿಗೂ ಅಗೆಲು ಸೇವೆ ಸಲ್ಲುತ್ತದೆ.

ಚರಿತ್ರೆಯ ತಕ್ಕಡಿಯಲ್ಲಿಟ್ಟರೆ ಕಥೆ ನಿಲ್ಲದು. ವೇಣೂರಿನ 35 ಅಡಿಯ ಬಾಹುಬಲಿಯನ್ನು ಅಜಿಲ ವಂಶದ ತಿಮ್ಮರಾಜನು ಪ್ರತಿಷ್ಠಾಪಿಸಿದ್ದು 1604ರಲ್ಲಿ. ಎರಡು ಮೂರ್ತಿಗಳ ನಡುವೆ 172 ವರ್ಷಗಳಿವೆ. ಎರಡನ್ನೂ ಒಬ್ಬನೇ ಕಡೆದಿರಲು ಸಾಧ್ಯವಿಲ್ಲ. ಕೈ ಕತ್ತರಿಸಿದ ಅರಸರ ಕಥೆಗಳಾದರೋ ತಾಜಮಹಲು ಮೊದಲ್ಗೊಂಡು ಜಗತ್ತಿನ ಅನೇಕ ಕಟ್ಟಡಗಳಿಗೆ ಅಂಟಿಕೊಂಡಿವೆ. ಆದುದರಿಂದ ಇದು ಜೈನ ಅರಸನ ಮೇಲೆ ಹೊರಿಸಿದ ಅಪವಾದವೆಂದು ಬದಿಗೆ ಸರಿಸುವವರಿದ್ದಾರೆ. ಹಾಗೆ ಸರಿಸುವುದು ಸುಲಭ, ಅಷ್ಟರಿಂದ ಪ್ರಶ್ನೆ ತೀರುವುದಿಲ್ಲ. ಶತಮಾನಗಳ ಕಾಲ ಉಳುವವರು, ಕಲ್ಲೊಡೆಯುವವರು, ನಾಟಿ ಮಾಡುವ ಹೆಂಗಸರು ಈ ಕಥೆಯನ್ನೇ ಏಕೆ ಹಾಡಿಕೊಂಡು ಬಂದರು? ಶಾಸನದಲ್ಲಿ ಬಿಟ್ಟ ಖಾಲಿ ಜಾಗವೊಂದಿತ್ತು. ಕಲ್ಲಿನ ಮೇಲೆ ಬರೆಯದ ಹೆಸರನ್ನು ಜನ ತಮ್ಮ ಹಾಡಿನಲ್ಲಿ ಬರೆದುಕೊಂಡರು, ಬರೆಯುವಾಗ ಬಾಕಿಯನ್ನೂ ಸೇರಿಸಿ ಬರೆದರು. ವೀರಪಾಂಡ್ಯನು ನಿರ್ದೋಷಿಯೇ ಆಗಿದ್ದರೂ ಅವನ ಶಾಸನದ ಮೌನ ಅವನಿಗೆ ನೆರವಾಗಲಿಲ್ಲ. ಶಿಲ್ಪಿಗೆ ಏನು ಸಂದಿತು, ಅವನು ಯಾರು, ಎಲ್ಲಿಗೆ ಹೋದನು ಎಂಬ ಒಂದು ಸಾಲು ಅಲ್ಲಿದ್ದಿದ್ದರೆ ಪಾಡ್ದನಕ್ಕೆ ಎಡೆ ಇರುತ್ತಿರಲಿಲ್ಲವೇನೋ.

ಇನ್ನೊಂದನ್ನೂ ಗಮನಿಸಬೇಕು. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಅತಿಯಾದ ಹೊರೆ ಹೇರುವುದು, ಅನ್ನನೀರನ್ನು ತಡೆಯುವುದು. ಪ್ರವಚನಗಳಲ್ಲಿ ಇವನ್ನು ಬಹುಮಟ್ಟಿಗೆ ದನಕರುಗಳಿಗೆ ಅನ್ವಯಿಸಿ ವಿವರಿಸುವ ರೂಢಿಯಿದೆ. ಕಲ್ಕುಡನ ಕಥೆಯ ಅರಸನು ಮಾಡಿಸಿದ್ದು ಛೇದವನ್ನೇ. ಇಂದು ಯಾವ ಟ್ರಸ್ಟಿನವರೂ ಕೈ ಕತ್ತರಿಸುವುದಿಲ್ಲ. ಆದರೆ ಪಂಚಕಲ್ಯಾಣದ ಮುಹೂರ್ತವನ್ನು ಮೊದಲು ಗೊತ್ತುಮಾಡಿ, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ, ಆಮೇಲೆ ಶಿಲ್ಪಿಯನ್ನು ಹಗಲಿರುಳು ದುಡಿಸುವುದು ಅತಿಭಾರಾರೋಪಣವಲ್ಲವೇ? ಮೂರ್ತಿ ಬಂದು ವೇದಿಕೆಯೇರಿದ ಮೇಲೆ ಕೊನೆಯ ಕಂತಿಗಾಗಿ ಶಿಲ್ಪಿಯನ್ನು ಆರು ತಿಂಗಳು ಅಲೆಸುವುದು ಅನ್ನಪಾನನಿರೋಧಕ್ಕೆ ಎಷ್ಟು ದೂರ?

ಎಲ್ಲ ಕಡೆಯೂ ಶಿಲ್ಪಿ ಅನಾಮಿಕನಾಗಿ ಉಳಿದನೆಂದು ಹೇಳುವಂತಿಲ್ಲ. ಹರಿಹರದಲ್ಲಿ ಕೆಲಸ ಮಾಡಿಸಿದ ಸೋಮ ದಂಡನಾಯಕನೇ ಸೋಮನಾಥಪುರದ ಕೇಶವ ದೇವಾಲಯವನ್ನೂ 1258ರಲ್ಲಿ ಮಾಡಿಸಿದವನು. ಅಲ್ಲಿನ ಮೂರ್ತಿಗಳ ಪೀಠದಲ್ಲಿ ಶಿಲ್ಪಿಗಳ ಹೆಸರುಗಳಿವೆ. ಮಲ್ಲಿತಮ್ಮನ ಹೆಸರಂತೂ ಮತ್ತೆ ಮತ್ತೆ ಬರುತ್ತದೆ. ಚೌಡಯ್ಯ, ಬಾಲಯ್ಯ, ಮಸಣಿತಮ್ಮ ಮುಂತಾದವರೂ ಇದ್ದಾರೆ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಒಂದು ಮಗ್ಗುಲ ಮೂರ್ತಿಗಳು ಬೈಚೋಜನವು, ಇನ್ನೊಂದು ಮಗ್ಗುಲಿನವು ಮಲ್ಲಿತಮ್ಮನವು ಎಂಬುದು ಹೆಸರುಗಳಿಂದಲೇ ತಿಳಿಯುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಬಿರುದುಗಳ ಸಹಿತ ಕೆತ್ತಿಕೊಂಡಿದ್ದಾರೆ. ಇವು ಕೀರ್ತಿಯ ಸಹಿಗಳೋ, ಕೂಲಿಯ ಲೆಕ್ಕಕ್ಕೆಂದು ಹಾಕಿದ ಗುರುತುಗಳೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಈ ಎರಡಕ್ಕೆ ಹೆಚ್ಚು ಅಂತರವಿಲ್ಲ. ಹುಂಡಿಯ ಮೇಲೆ ಸಹಿ ಹಾಕಿದವನಿಗೆ ಹಕ್ಕೂ ಬರುತ್ತದೆ, ಹೊಣೆಯೂ ಬರುತ್ತದೆ. ಮಲ್ಲಿತಮ್ಮನ ಹೆಸರಿರುವ ಮೂರ್ತಿ ಚೆನ್ನಾಗಿದ್ದರೆ ಹೊಗಳಿಕೆ ಅವನಿಗೆ, ಮೂಗು ಸೊಟ್ಟಾಗಿದ್ದರೆ ಅದಕ್ಕೆ ಉತ್ತರ ಹೇಳಬೇಕಾದವನೂ ಅವನೇ.

ಶಿಲ್ಪಿಯ ಈ ಹೊಣೆಯನ್ನು ಹೇಳುವ ಕಥೆ ಕನ್ನಡಿಗರಿಗೆಲ್ಲ ಗೊತ್ತಿರುವ ಜಕಣಾಚಾರಿಯದು. ಬೇಲೂರಿನ ಚೆನ್ನಿಗರಾಯನ ಮೂರ್ತಿಗೆ ಆರಿಸಿದ ಕಲ್ಲಿನಲ್ಲಿ ದೋಷವಿದೆಯೆಂದು ಎಳೆಯ ಶಿಲ್ಪಿಯೊಬ್ಬನು ಹೇಳಿದನು, ಪರೀಕ್ಷಿಸಿದಾಗ ಹೊಕ್ಕುಳಿನ ಭಾಗದ ಟೊಳ್ಳಿನಿಂದ ಕಪ್ಪೆ ಹೊರಬಂತು, ಜಕಣಾಚಾರಿ ಮಾತಿನಂತೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡನು. ಇದೂ ಐತಿಹ್ಯವೇ. ಜಕಣಾಚಾರಿ ಎಂಬೊಬ್ಬನಿದ್ದನೆಂಬುದಕ್ಕೆ ಆ ಕಾಲದ ಶಾಸನಾಧಾರ ದೊರೆತಿಲ್ಲ. ಆದರೆ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಮ್ಮ ನಾಡಿನ ಜನರ ವಿವೇಚನೆ ಕಾಣುತ್ತದೆ. ಕಾರ್ಕಳದ ಕೈಯನ್ನು ಮಾಡಿಸಿದವನು ಕತ್ತರಿಸಿದನು, ಜನ ಅವನನ್ನು ಕ್ಷಮಿಸಲಿಲ್ಲ. ಬೇಲೂರಿನ ಕೈಯನ್ನು ಮಾಡಿದವನೇ ಕತ್ತರಿಸಿಕೊಂಡನು, ಕೈದಾಳದಲ್ಲಿ ಅವನಿಗೆ ಕೈ ಮರಳಿ ಬಂತೆಂದು ಜನ ಕಥೆಯನ್ನು ಮುಂದುವರಿಸಿದರು.

ಮಾಡಿಸಿದವರ ಹೊಣೆ ಪ್ರತಿಷ್ಠೆಯ ದಿನಕ್ಕೆ ಮುಗಿಯುವುದೂ ಇಲ್ಲ. ಇದಕ್ಕೆ ಅತ್ತಿಮಬ್ಬೆಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಪೊನ್ನನ ಶಾಂತಿಪುರಾಣವು ಅವಳ ತಂದೆ ಮಲ್ಲಪಯ್ಯ ಮತ್ತು ಚಿಕ್ಕಪ್ಪ ಪುನ್ನಮಯ್ಯ ಸೇರಿ ತಮ್ಮ ಗುರು ಜಿನಚಂದ್ರರ ನೆನಪಿಗಾಗಿ ಬರೆಯಿಸಿದ ಕಾವ್ಯ. ಮುಂದಿನ ತಲೆಮಾರಿನಲ್ಲಿ ಮಗಳು ಅದರ 1000 ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳು. 'ದಾನಚಿಂತಾಮಣಿ' ಎಂದು ನಾವು ಹೊಗಳುತ್ತೇವೆ, ಸರಿ. ಮನೆಯವರು ಬರೆಯಿಸಿದ ಕೃತಿ ಕಣ್ಮರೆಯಾಗದಂತೆ ನೋಡಿಕೊಳ್ಳುವುದು ಆ ಮನೆತನದ ಕೆಲಸವೆಂದು ಅವಳು ತಿಳಿದಿದ್ದಳೆಂಬುದನ್ನು ಮಾತ್ರ ನಾವು ಅಷ್ಟಾಗಿ ಹೇಳುವುದಿಲ್ಲ.

ನಮ್ಮ ಕಾಲದಲ್ಲಿ ಇದೇ ಬಗೆಯ ನಡತೆ ಧರ್ಮಸ್ಥಳದ ಬಾಹುಬಲಿಯ ವಿಷಯದಲ್ಲಿ ಕಂಡುಬಂತು. 39 ಅಡಿಯ ಆ ಮೂರ್ತಿಯನ್ನು ರತ್ನವರ್ಮ ಹೆಗ್ಗಡೆಯವರು ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರಿಗೆ ವಹಿಸಿದರು. ಕಲ್ಕುಡನ ಕಥೆ ಹುಟ್ಟಿದ ಅದೇ ಕಾರ್ಕಳ. 1967ರಲ್ಲಿ ಕೆಲಸ ಮೊದಲಾಯಿತು. 1968ರಲ್ಲಿ ರತ್ನವರ್ಮ ಹೆಗ್ಗಡೆಯವರು ತೀರಿಕೊಂಡರು. ಬಂಡೆಯಲ್ಲಿ ಮೂರ್ತಿ ಇನ್ನೂ ಪೂರ್ತಿ ಮೂಡಿರಲಿಲ್ಲ. ಶಿಲ್ಪಿಗೆ ಆಗಲೇ ವಯಸ್ಸಾಗಿತ್ತು. ಪಟ್ಟವೇರಿದ ವೀರೇಂದ್ರ ಹೆಗ್ಗಡೆಯವರಿಗೆ ಇಪ್ಪತ್ತು ತುಂಬಿರಲಿಲ್ಲ. ತಂದೆ ಆಡಿದ ಮಾತು ತನಗೆ ಕಟ್ಟಲ್ಲವೆಂದು ಹೇಳಲು ಎಷ್ಟೋ ಕಾರಣಗಳಿದ್ದವು. ಕೆಲಸ ನಿಲ್ಲಲಿಲ್ಲ. 1973ರಲ್ಲಿ 150 ಟನ್ನಿಗೂ ಮಿಕ್ಕ ಆ ಶಿಲೆಯನ್ನು ಅನೇಕ ಗಾಲಿಗಳ ವಾಹನದ ಮೇಲೇರಿಸಿ, ದಾರಿಯುದ್ದಕ್ಕೂ ಜನಸಂದಣಿಯ ನಡುವೆ, ಧರ್ಮಸ್ಥಳಕ್ಕೆ ತರಲಾಯಿತು. ರತ್ನಗಿರಿಯ ಮೇಲೆ ಪ್ರತಿಷ್ಠೆಯಾದದ್ದು 1982ರಲ್ಲಿ. ಮಾಡಿಸಲು ಹೊರಟವರು ಅದನ್ನು ಕಾಣಲಿಲ್ಲ. ಇಂದು ಕರಾವಳಿಯಲ್ಲಿ ಆ ಮೂರ್ತಿಯ ಮಾತು ಬಂದರೆ ಶೆಣೈಯವರ ಹೆಸರೂ ಜೊತೆಗೇ ಬರುತ್ತದೆ, ಯಾವ ಪಾಡ್ದನವೂ ಅದನ್ನು ನೆನಪಿಸಬೇಕಾಗಿಲ್ಲ.

ಬಸದಿಗಳ ಆಡಳಿತ ಸಮಿತಿಗಳು ಇಲ್ಲಿ ಕಲಿಯಬೇಕಾದುದಿದೆ. ಹಿಂದಿನ ಸಮಿತಿ ಒಪ್ಪಿದ ಬದಲಾವಣೆಗೆ ಹೊಸ ಸಮಿತಿ ಹಣ ಕೊಡುವುದಿಲ್ಲವೆಂಬ ಜಗಳ ಅಪರೂಪವಲ್ಲ. ಅಧ್ಯಕ್ಷರು ಬದಲಾಗಬಹುದು, ಮಾಡಿಸುವ ಸಂಸ್ಥೆ ಬದಲಾಗುವುದಿಲ್ಲ.

ಕಲಾವಿದನ ಕಡೆಯ ತಪ್ಪುಗಳಿಗೂ ಶಾಸ್ತ್ರದಲ್ಲಿ ಹೆಸರಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎರಡನ್ನು ಅಂಗಡಿಯವರೆಲ್ಲ ಬಲ್ಲರು: ಹೀನಾಧಿಕಮಾನೋನ್ಮಾನ, ಅಂದರೆ ಅಳತೆ ತೂಕಗಳಲ್ಲಿ ಮೋಸ, ಪ್ರತಿರೂಪಕ ವ್ಯವಹಾರ, ಅಂದರೆ ಒಳ್ಳೆಯ ಸರಕಿನಂತೆ ಕಾಣುವ ಕೀಳು ಸರಕನ್ನು ಕೊಡುವುದು. ಅಮೃತಶಿಲೆಯ ಬಿರುಕಿಗೆ ಮೇಣ ತುಂಬಿ ಹೊಳಪು ಕೊಡುವುದು, ಒಪ್ಪಿದ ಲೋಹದ ಬದಲು ಅಗ್ಗದ್ದನ್ನು ಹೊಯ್ಯುವುದು ಈ ಎರಡನೆಯದಕ್ಕೇ ಸೇರುತ್ತವೆ. ಕಾರ್ಕಳದ ಬಳಿಯ ಬೈಲೂರಿನ ಉಮಿಕ್ಕಳ ಬೆಟ್ಟದಲ್ಲಿ 2023ರ ಜನವರಿಯಲ್ಲಿ ಉದ್ಘಾಟನೆಗೊಂಡ ಪರಶುರಾಮನ ಮೂರ್ತಿಯ ಪ್ರಕರಣ ಎಲ್ಲರಿಗೂ ತಿಳಿದಿದೆ. ಹೇಳಿದಂತೆ ಅದು ಕಂಚಿನದಲ್ಲವೆಂಬ ಆರೋಪ ಎದ್ದು, ಮೂರ್ತಿಯ ಮೇಲ್ಭಾಗವನ್ನು ಇಳಿಸಿ, ವಿಷಯ ಪೊಲೀಸ್ ತನಿಖೆಗೂ ನ್ಯಾಯಾಲಯಕ್ಕೂ ಹೋಯಿತು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ, ಪತ್ರಿಕೆಯ ಬರಹದ್ದಲ್ಲ. ಮಾಡಿಸುವವರು ಇದರಿಂದ ತೆಗೆದುಕೊಳ್ಳಬೇಕಾದ ಮಾತು ಬೇರೆಯಿದೆ. ಕಲ್ಲನ್ನು ತಟ್ಟಿ ನಾದ ಕೇಳಿದರೆ ಅನುಭವಿಗೆ ಅದರ ಗುಣ ತಿಳಿಯುತ್ತದೆ. ಲೋಹ ಹಾಗಲ್ಲ. ತವರ ಬೆರೆತ ತಾಮ್ರ ಕಂಚು, ಸತು ಬೆರೆತರೆ ಹಿತ್ತಾಳೆ. ಬಣ್ಣ ಬಳಿದ ಮೇಲೆ ಕಣ್ಣಿಗೆ ಎರಡೂ ಒಂದೇ. ಎರಕವಾದಾಗ ಎದುರಿಗಿದ್ದು ತೂಕ ಬರೆದುಕೊಳ್ಳುವುದು, ತುಣುಕೊಂದನ್ನು ಪರೀಕ್ಷೆಗೆ ಕಳಿಸುವುದು, ಕೊನೆಯ ಕಂತನ್ನು ಆ ವರದಿ ಬಂದ ಮೇಲೆ ಕೊಡುವುದು ಸಂಶಯದ ಲಕ್ಷಣವಲ್ಲ. ಚಿನ್ನ ಕೊಳ್ಳುವಾಗ ಒರೆಗಲ್ಲಿಗೆ ಹಚ್ಚಿದರೆ ಅಕ್ಕಸಾಲಿಗನು ಬೇಸರಿಸುವುದಿಲ್ಲ. ನೋಡದೆ ಒಪ್ಪಿಕೊಂಡದ್ದು ಅನುಮತದ ಲೆಕ್ಕಕ್ಕೆ ಸೇರುತ್ತದೆಂಬುದನ್ನು ಮರೆಯಲಾಗದು.

ಮಾಡಿಸಿಕೊಂಡ ಕೃತಿಯನ್ನು ಒಡೆಯನು ತನ್ನ ಇಚ್ಛೆಯಂತೆ ಒಡೆಯಬಹುದೇ? ಹಣ ಕೊಟ್ಟು ಕೊಂಡದ್ದಲ್ಲವೇ ಎಂದು ಕೇಳುವವರಿದ್ದಾರೆ. ದೆಹಲಿಯ ವಿಜ್ಞಾನ ಭವನಕ್ಕೆ 1957ರಲ್ಲಿ ಭಾರತ ಸರ್ಕಾರವು ಶಿಲ್ಪಿ ಅಮರನಾಥ ಸೆಹಗಲ್ ಅವರಿಂದ ಒಂದು ಕಂಚಿನ ಭಿತ್ತಿಶಿಲ್ಪವನ್ನು ಮಾಡಿಸಲು ಹೊರಟಿತು. ಸುಮಾರು 140 ಅಡಿ ಉದ್ದ, 40 ಅಡಿ ಎತ್ತರ. 1962ರಲ್ಲಿ ಅದು ಗೋಡೆಗೇರಿತು. 1979ರಲ್ಲಿ ಕಟ್ಟಡದ ನವೀಕರಣದ ಹೆಸರಿನಲ್ಲಿ, ಶಿಲ್ಪಿಗೆ ಒಂದು ಮಾತೂ ತಿಳಿಸದೆ, ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ಸೆಹಗಲ್ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಉಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸಬೇಕೆಂದೂ, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ತೀರ್ಪಿತ್ತಿತು. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮು ಇದಕ್ಕೆ ಆಧಾರ. ಕೃತಿಯನ್ನು ಮಾರಿದ ಮೇಲೂ ಅದು ತನ್ನದೆಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದಾಗುವಂತೆ ಅದನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕು ಕಲಾವಿದನಲ್ಲಿ ಉಳಿಯುತ್ತದೆ.

ಜೀರ್ಣೋದ್ಧಾರದ ಉತ್ಸಾಹದಲ್ಲಿ ನಮ್ಮ ಬಸದಿಗಳಲ್ಲಿ ಆಗುತ್ತಿರುವುದನ್ನು ಈ ತೀರ್ಪಿನ ಬೆಳಕಿನಲ್ಲಿ ನೋಡಬೇಕು. ಹಳೆಯ ಕಂಬಗಳಿಗೆ ಎಣ್ಣೆಬಣ್ಣ, ಕೆತ್ತನೆಯ ಮೇಲೆ ಸಿಮೆಂಟು, ಶಾಸನವಿದ್ದ ಚಪ್ಪಡಿಯ ಮೇಲೆ ಗ್ರಾನೈಟು, ಅದರ ಮೇಲೆ ದಾನಿಗಳ ಹೆಸರು. ಸಾವಿರ ವರ್ಷದ ಹಿಂದಿನ ಶಿಲ್ಪಿ ನ್ಯಾಯಾಲಯಕ್ಕೆ ಬರಲಾರನು. ಹೆಸರು ಬರೆಸದೆ ಹೋದವನ ಕೆಲಸವನ್ನೂ ಅಳಿಸಿದರೆ ಅವನ ಪಾಲಿಗೆ ಇನ್ನೇನೂ ಉಳಿಯುವುದಿಲ್ಲ.

ಹೊಸದಾಗಿ ಮಾಡಿಸುವವರು ಕರಾರುಪತ್ರವನ್ನು ಬರೆದುಕೊಳ್ಳುವುದು ಒಳ್ಳೆಯದು. ಶಿಲೆಯ ಜಾತಿ, ಅಳತೆ, ಒಪ್ಪಿದ ರೇಖಾಚಿತ್ರ, ಕಂತುಗಳ ದಿನಾಂಕ, ನಡುವೆ ಬದಲಾವಣೆ ಕೇಳಿದರೆ ಅದರ ದರ, ಸಾಗಣೆಯಲ್ಲಿ ಒಡೆದರೆ ಯಾರ ನಷ್ಟ, ಶಿಲ್ಪಿಯ ಹೆಸರನ್ನು ಪೀಠದಲ್ಲಿ ಎಲ್ಲಿ ಕೆತ್ತಬೇಕು ಎಂಬುದನ್ನೆಲ್ಲ ಅದರಲ್ಲಿ ಕಾಣಿಸಬಹುದು. ಕಲ್ಕುಡನ ಅರಸನನ್ನು ಕಾಡಿದ ಪ್ರಶ್ನೆಯೂ ಅಲ್ಲಿಯೇ ಬರಬೇಕು: ಇಂತಹದನ್ನೇ ಇನ್ನೊಬ್ಬರಿಗೆ ಮಾಡಿಕೊಡಬಹುದೇ? ಬಾಹುಬಲಿಯ ಕಾಯೋತ್ಸರ್ಗವಾಗಲಿ, ಮೈಗೆ ಹಬ್ಬಿದ ಬಳ್ಳಿಯಾಗಲಿ ಯಾರ ಸ್ವತ್ತೂ ಅಲ್ಲ. ಹೊಸತಾಗಿ ಕಲ್ಪಿಸಿದ ಕೃತಿಯ ಮಾತು ಬೇರೆ. ವರ್ಣಚಿತ್ರ, ಭಾವಚಿತ್ರ, ಛಾಯಾಚಿತ್ರಗಳನ್ನು ಹಣ ಕೊಟ್ಟು ಮಾಡಿಸಿದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಕೃತಿಸ್ವಾಮ್ಯ ಮಾಡಿಸಿದವರಿಗೆ ಸಲ್ಲುತ್ತದೆಂದು 17ನೆಯ ಕಲಮು ಹೇಳುತ್ತದೆ. ಆ ಪಟ್ಟಿಯಲ್ಲಿ ಶಿಲ್ಪವಿಲ್ಲ. ಸ್ವತಂತ್ರ ಶಿಲ್ಪಿಗೆ ಮೂರ್ತಿಯನ್ನು ವಹಿಸಿದಾಗ, ಬರಹದಲ್ಲಿ ಬಿಟ್ಟುಕೊಡದ ಹೊರತು, ಕೃತಿಸ್ವಾಮ್ಯ ಅವನಲ್ಲಿಯೇ ನಿಲ್ಲುತ್ತದೆ. ಬಿಟ್ಟುಕೊಟ್ಟ ಮೇಲೂ ತಾನು ಮಾಡಿದ ರೇಖಾಚಿತ್ರ, ಮಾದರಿ, ಅಚ್ಚುಗಳನ್ನು ಮತ್ತೊಂದು ಕೆಲಸಕ್ಕೆ ಬಳಸಲು ಅವನಿಗೆ 52ನೆಯ ಕಲಮು ಅವಕಾಶ ಕೊಡುತ್ತದೆ. ಮೂಲ ಕೃತಿಯ ಮುಖ್ಯ ವಿನ್ಯಾಸವನ್ನು ಹಾಗೆಯೇ ಮರಳಿಸಬಾರದೆಂಬುದೊಂದೇ ಅದರ ಷರತ್ತು.